ಸುರಂಜನ್ ದಾಸ್ ರಸ್ತೆಯ ಅರ್ಧ ವಿಮಾನಗಳು

ಜೀವನ್ ಬಿಮಾ ನಗರದ ಹಳೆಯ ವಿಳಾಸಗಳಲ್ಲಿ ‘ಎಚ್‌ಎಎಲ್ ಮೂರನೇ ಹಂತ’ ಎಂಬ ಸಾಲು ಇನ್ನೂ ಉಳಿದುಕೊಂಡಿದೆ. ಬಡಾವಣೆಗೆ ಹೆಸರು ಕೊಟ್ಟದ್ದು ಜೀವ ವಿಮಾ ನಿಗಮದ ಕಾಲೊನಿ. ಸುತ್ತಲ ಊರನ್ನು ಬೆಳೆಸಿದ್ದು ಮಾತ್ರ ಎಚ್‌ಎಎಲ್ ಎಂಬ ವಿಮಾನ ಕಾರ್ಖಾನೆ. ತಲೆಯ ಮೇಲೆ ತೇಜಸ್ ಯುದ್ಧವಿಮಾನ ಹಾದುಹೋಗುವಾಗ ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟ ಕಡೆಯಿಂದಲೇ ಮುಂದುವರಿಸುವುದು ಇಲ್ಲಿಯವರಿಗೆ ರೂಢಿಯಾಗಿಬಿಟ್ಟಿದೆ.

ಬಡಾವಣೆಯ ಪೂರ್ವಕ್ಕೆ, ಹಳೆ ಮದ್ರಾಸು ರಸ್ತೆಯಿಂದ ಹಳೆ ವಿಮಾನ ನಿಲ್ದಾಣ ರಸ್ತೆಗೆ ಸೇರುವ ದಾರಿಯ ಹೆಸರು ಸುರಂಜನ್ ದಾಸ್ ರಸ್ತೆ. ಕೆಲವು ಕಡೆ ಮುಳ್ಳುತಂತಿ ಹೊದ್ದ ಉದ್ದುದ್ದ ಕಾಂಪೌಂಡು ಗೋಡೆ, ‘ಫೋಟೊ ತೆಗೆಯಬಾರದು’ ಎಂಬ ಎಚ್ಚರಿಕೆ. ಮಿಕ್ಕ ಕಡೆ ಹೊಸ ತಿಪ್ಪಸಂದ್ರದ ಕಡೆಗೆ ಹರಿಯುವ ಅಂಗಡಿ, ದರ್ಶಿನಿ, ಟ್ರಾಫಿಕ್ಕು. ಹೆಸರು ಕೇಳಿದವರು ಬಂಗಾಳದ ಯಾರೋ ಸ್ವಾತಂತ್ರ್ಯ ಹೋರಾಟಗಾರನಿರಬೇಕು ಅಂದುಕೊಂಡರೆ ಆಶ್ಚರ್ಯವಿಲ್ಲ. ಬಂಗಾಳದವರು ನಿಜ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಧಿರಂಜನ್ ದಾಸ್ ಅವರ ಮಗ. ಆದರೆ ಕೆಲಸ, ಯಾರೂ ಹಿಂದೆ ಹಾರಿಸಿರದ ವಿಮಾನವನ್ನು ಮೊದಲು ಹಾರಿಸಿ ನೋಡುವುದು. 1961ರ ಜೂನ್ 17ರಂದು ಎಚ್‌ಎಎಲ್ ರನ್‌ವೇಯಿಂದ ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ‘ಮರುತ್’ ಮೇಲೆದ್ದಾಗ ಅದರೊಳಗೆ ಕೂತಿದ್ದವರು ಅವರೇ. 1970ರ ಜನವರಿ 10ರಂದು ಅದೇ ವಿಮಾನದ ಮತ್ತೊಂದು ರೂಪವನ್ನು ಪರೀಕ್ಷಿಸುತ್ತಾ ಬಿದ್ದು ತೀರಿಕೊಂಡವರೂ ಅವರೇ. ಆ ಎರಡು ದಿನಗಳ ನಡುವಿನ ಎಂಟೂವರೆ ವರ್ಷ, ಒಂದು ವಿಮಾನ ತನಗೆ ತಕ್ಕ ಎಂಜಿನ್ನಿಗಾಗಿ ಕಾದ ಕಾಲ. ಎಂಜಿನ್ ಸಿಗಲೇ ಇಲ್ಲ.

ಬೆಂಗಳೂರಿನ ಈ ಮೂಲೆಯಲ್ಲಿ ಅರ್ಧಕ್ಕೆ ನಿಂತ ಕೆಲಸಗಳಿಗೆ ಬರವಿಲ್ಲ. ಮೂರು ನಾಲ್ಕು ಕಿಲೋಮೀಟರಿನ ಆವರಣದಲ್ಲಿ ಎಚ್‌ಎಎಲ್ ಇದೆ, ರಕ್ಷಣಾ ಇಲಾಖೆಯ ವಿಮಾನ ಅಭಿವೃದ್ಧಿ ಸಂಸ್ಥೆ ಎಡಿಇ ಇದೆ, ಕೋಡಿಹಳ್ಳಿಯ ರಾಷ್ಟ್ರೀಯ ವಿಮಾನ ಪ್ರಯೋಗಾಲಯ ಎನ್‌ಎಎಲ್ ಇದೆ, ಸಿ.ವಿ. ರಾಮನ್ ನಗರದ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಇದೆ. ಒಂದೊಂದರ ಚರಿತ್ರೆಯಲ್ಲೂ ಮುಗಿಸಿ ಕೊಟ್ಟ ಯಂತ್ರಗಳ ಪಕ್ಕದಲ್ಲೇ ಮುಗಿಯದ ಯಂತ್ರಗಳ ಪಟ್ಟಿ. ಇವುಗಳ ಜೊತೆ ಇಲ್ಲಿಯ ಮಂದಿ ಹೇಗೆ ರಾಜಿಯಾದರು, ಎಲ್ಲಿ ಆಗಬಾರದಿತ್ತು ಎಂಬುದು ಕೇಳಬೇಕಾದ ಕತೆ.

ಕಾರ್ಖಾನೆ ಶುರುವಾದದ್ದು 1940ರ ಡಿಸೆಂಬರಿನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದರ ಬಂಡವಾಳ, ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಮೈಸೂರು ಸರ್ಕಾರದ ಜಮೀನು ಮತ್ತು ಪಾಲು. ಹೆಸರು ಆಗ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಎರಡನೇ ಮಹಾಯುದ್ಧ ಅದನ್ನು ರಿಪೇರಿ ಶಾಲೆ ಮಾಡಿತು. ಸ್ವಂತ ವಿನ್ಯಾಸದ ತರಬೇತಿ ವಿಮಾನ ಎಚ್‌ಟಿ-2 ಹಾರಿದ್ದು 1951ರಲ್ಲಿ. ಅದರ ಹಿಂದಿದ್ದವರು ಗಟ್ಟಿಂಗೆನ್‌ನಲ್ಲಿ ವಾಯುಚಲನ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಬಳಿ ಓದಿ ಬಂದಿದ್ದ ವಿ.ಎಂ. ಘಾಟಗೆ. ಪ್ರೊಪೆಲ್ಲರಿನ ಈ ಪುಟ್ಟ ವಿಮಾನದಿಂದ ಸದ್ದಿನ ಎರಡರಷ್ಟು ವೇಗದ ಯುದ್ಧವಿಮಾನಕ್ಕೆ ಒಂದೇ ನೆಗೆತದಲ್ಲಿ ಹಾರಬೇಕೆಂದು ವಾಯುಪಡೆ ಬಯಸಿತು. ಮ್ಯಾಕ್ 2 ವೇಗ, 60,000 ಅಡಿ ಎತ್ತರ, 500 ಮೈಲಿ ಕಾರ್ಯವ್ಯಾಪ್ತಿ. ಕೇಳುವುದಕ್ಕೇನು, ಯಾರೂ ದುಡ್ಡು ಕೇಳುವುದಿಲ್ಲ.

ಈ ಬಯಕೆ ಈಡೇರಿಸಲು ಬಂದವರು ಜರ್ಮನಿಯ ಕುರ್ಟ್ ಟಾಂಕ್. ಎರಡನೇ ಮಹಾಯುದ್ಧದ ಪ್ರಸಿದ್ಧ ಫೋಕೆ-ವುಲ್ಫ್ 190 ಅವರದೇ ಕೂಸು. ಆದರೆ ಬೆಂಗಳೂರಿಗೆ ಬರುವ ಹೊತ್ತಿಗೆ ಅವರ ಗಂಟಿನಲ್ಲಿ ಎರಡು ಅಪೂರ್ಣ ವಿಮಾನಗಳಿದ್ದವು. ಟಿಎ 183 ಎಂಬ ಜೆಟ್ಟಿನ ನಕ್ಷೆ ಸಿದ್ಧವಾಗಿ ಕಟ್ಟುವ ಮುನ್ನವೇ 1945ರಲ್ಲಿ ಜರ್ಮನಿ ಸೋತಿತು. ಟಾಂಕ್ ಸುಳ್ಳು ಹೆಸರಿನ ಕಾಗದಪತ್ರ ಹಿಡಿದು ಅರ್ಜೆಂಟೀನಕ್ಕೆ ಹೋದರು. ಅಲ್ಲಿ ಅದೇ ಕಲ್ಪನೆ ‘ಪುಲ್ಕಿ 2’ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು, 1950ರಲ್ಲಿ ಹಾರಿತು, ಐದು ಮಾದರಿಗಳಾದವು, ಸೇನೆಗೆ ಸೇರಲಿಲ್ಲ. 1955ರಲ್ಲಿ ಅಧ್ಯಕ್ಷ ಪೆರೋನ್ ಪದಚ್ಯುತರಾದರು. ಟಾಂಕ್ ತಂಡಕ್ಕೆ ಮತ್ತೆ ಗಂಟು ಕಟ್ಟುವ ಕೆಲಸ. 1956ರ ಆಗಸ್ಟಿನಲ್ಲಿ ಅವರು ಬೆಂಗಳೂರಿಗೆ ಬಂದಿಳಿದರು. ಮುಂದಿನ ತಿಂಗಳ ಮೊದಲ ತಾರೀಖು ಜೀವ ವಿಮಾ ನಿಗಮ ಹುಟ್ಟಿತು, ನವೆಂಬರ್ ಒಂದಕ್ಕೆ ಕನ್ನಡ ಸೀಮೆಗಳು ಸೇರಿ ವಿಶಾಲ ಮೈಸೂರಾಯಿತು. ಮುಂದೆ ಈ ಬಡಾವಣೆಯನ್ನು ರೂಪಿಸಿದ ಮೂರು ಸಂಗತಿಗಳೂ ಒಂದೇ ಮಳೆಗಾಲದ ಆಸುಪಾಸಿನವು.

ಟಾಂಕ್ ಮತ್ತು ಘಾಟಗೆ ಮೊದಲು ಮಾಡಿಸಿದ್ದು ಮರದ ಮರುತ್. ಅಳತೆ, ಆಕಾರ, ನಿಯಂತ್ರಣದ ವ್ಯವಸ್ಥೆ ಎಲ್ಲವೂ ನಿಜವಾದ ವಿಮಾನದ್ದೇ. ಎಂಜಿನ್ ಮಾತ್ರ ಇಲ್ಲ. 1959ರಲ್ಲಿ ಡಕೋಟ ವಿಮಾನವೊಂದು ಇದನ್ನು ಹಗ್ಗ ಕಟ್ಟಿ ಎಳೆದೊಯ್ದು ಆಕಾಶದಲ್ಲಿ ಬಿಡುತ್ತಿತ್ತು, ಅದು ತೇಲುತ್ತಾ ಇಳಿಯುತ್ತಿತ್ತು. ಕಂಪ್ಯೂಟರಿನ ನೆರವಿಲ್ಲದ ಕಾಲದಲ್ಲಿ ರೆಕ್ಕೆ ಸರಿಯಾಗಿದೆಯೇ ಎಂದು ತಿಳಿಯಲು ಇದು ಜಾಣ ದಾರಿ. ರೆಕ್ಕೆ ಸರಿಯಾಗಿಯೇ ಇತ್ತು. ಇಡೀ ಯೋಜನೆಯ ಹಣೆಬರಹವೂ ಆ ಮರದ ಮಾದರಿಯಲ್ಲೇ ಬರೆದಿತ್ತು ಎಂದು ಈಗ ಹೇಳುವುದು ಸುಲಭ: ಮೈಯೆಲ್ಲ ಸಿದ್ಧ, ಉಸಿರಿಲ್ಲ.

ಟಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಎಂಜಿನ್ ನಂಬಿ. ಹೊರಬೀಳುವ ಬಿಸಿಗಾಳಿಯಲ್ಲಿ ಮತ್ತೆ ಇಂಧನ ಉರಿಸುವ ಆಫ್ಟರ್‌ಬರ್ನರ್ ಹಚ್ಚಿದರೆ ಒಂದೊಂದು ಎಂಜಿನ್ನಿನಿಂದ 8,170 ಪೌಂಡು ತಳ್ಳುಬಲ. ಆ ಎಂಜಿನ್ ಇನ್ನೂ ಅಭಿವೃದ್ಧಿಯ ಹಂತದಲ್ಲಿತ್ತು. ಉಳಿದ ಗಿರಾಕಿಗಳು ಹಿಂದೆ ಸರಿದ ಮೇಲೆ ಅದರ ಖರ್ಚು ಹೊರಲು ದೆಹಲಿ ಒಪ್ಪಲಿಲ್ಲ. ಕೈಗೆ ಸಿಕ್ಕಿದ್ದು ನ್ಯಾಟ್ ವಿಮಾನಕ್ಕಾಗಿ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಎಂಜಿನ್ನಿನದೇ ಬಳಗದ ಆರ್ಫಿಯಸ್ 703. ತಳ್ಳುಬಲ 4,850 ಪೌಂಡು. ಬೇಕಿದ್ದುದಕ್ಕಿಂತ ನೂರಕ್ಕೆ ಸುಮಾರು ನಲವತ್ತು ಪಾಲು ಕಡಿಮೆ. ಸದ್ಯಕ್ಕೆ ಇದನ್ನು ಹಾಕಿರೋಣ, ಒಳ್ಳೆಯದು ಬಂದಾಗ ಬದಲಿಸೋಣ ಎಂಬ ಏರ್ಪಾಡು. ‘ಸದ್ಯಕ್ಕೆ’ ಮಾಡಿದ್ದು ಕೊನೆಯವರೆಗೂ ಉಳಿಯಿತು.

ಹುಡುಕಾಟಕ್ಕೇನೂ ಕಮ್ಮಿಯಿರಲಿಲ್ಲ. ಸೋವಿಯತ್ ಎಂಜಿನ್ನುಗಳ ಮಾತುಕತೆ ಆಯಿತು. ಕೊನೆಗೆ ಈಜಿಪ್ಟಿನ ಬಾಗಿಲು ತಟ್ಟಿದರು. ನಾಸರ್ ಸರ್ಕಾರ ವಿಲಿ ಮೆಸ್ಸರ್‌ಸ್ಮಿಟ್ ವಿನ್ಯಾಸದ ಎಚ್‌ಎ-300 ಎಂಬ ಯುದ್ಧವಿಮಾನ ಕಟ್ಟುತ್ತಿತ್ತು. ಅದಕ್ಕಾಗಿ ಆಸ್ಟ್ರಿಯದ ಫರ್ಡಿನಾಂಡ್ ಬ್ರಾಂಡ್ನರ್ ಇ-300 ಎಂಬ ಎಂಜಿನ್ ರೂಪಿಸುತ್ತಿದ್ದರು. ಅವರಲ್ಲಿ ಎಂಜಿನ್ನಿಗೆ ಪರೀಕ್ಷೆಯ ವಿಮಾನ ಬೇಕಿತ್ತು, ನಮ್ಮಲ್ಲಿ ವಿಮಾನಕ್ಕೆ ಎಂಜಿನ್ ಬೇಕಿತ್ತು. ಬೆಂಗಳೂರಿನಿಂದ ಒಂದು ಮರುತ್ ಕೈರೋ ಬಳಿಯ ಹೆಲ್ವಾನಿಗೆ ಹೋಯಿತು. ಒಂದು ಪಕ್ಕಕ್ಕೆ ನಮ್ಮ ಆರ್ಫಿಯಸ್, ಇನ್ನೊಂದು ಪಕ್ಕಕ್ಕೆ ಅವರ ಇ-300. ಆ ಬೆರಕೆ ವಿಮಾನ 1967ರ ಮಾರ್ಚಿನಲ್ಲಿ ಹಾರಿತು. ಅದಕ್ಕೆ ಮೂರು ವರ್ಷ ಮುಂಚೆ ಎಚ್‌ಎ-300ನ ಮೊದಲ ಹಾರಾಟ ನಡೆಸಿದವರೂ ಭಾರತೀಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ. ಜೂನ್‌ನಲ್ಲಿ ಇಸ್ರೇಲ್ ಯುದ್ಧ. 1969ಕ್ಕೆ ಈಜಿಪ್ಟ್ ಎಲ್ಲವನ್ನೂ ಕೈಬಿಟ್ಟಿತು, ನಮ್ಮ ತಂಡ ಮರಳಿತು.

ಇನ್ನು ಉಳಿದಿದ್ದು ಮನೆಯ ಮದ್ದು. ಇದ್ದ ಆರ್ಫಿಯಸ್ ಎಂಜಿನ್ನಿಗೇ ಆಫ್ಟರ್‌ಬರ್ನರ್ ಜೋಡಿಸುವ ಕೆಲಸಕ್ಕೆ ಜಿಟಿಆರ್‌ಇ ಕೈಹಾಕಿತು. ಹಾಗೆ ಮಾರ್ಪಟ್ಟ ಮರುತ್ ಮಾರ್ಕ್ 1ಆರ್ ಸುರಂಜನ್ ದಾಸ್ ಅವರ ಕೊನೆಯ ವಿಮಾನ.

ಇಷ್ಟಾದರೂ ಮರುತ್ ಸೋತ ವಿಮಾನವಲ್ಲ. ತರಬೇತಿಯ ಎರಡು ಸೀಟಿನವೂ ಸೇರಿ 147 ತಯಾರಾದವು, ಮೂರು ಸ್ಕ್ವಾಡ್ರನ್‌ಗಳಲ್ಲಿ ದುಡಿದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ತಗ್ಗಿನಲ್ಲಿ ಹಾರಿ ಬಾಂಬು ಹಾಕಿದ ಮರುತ್‌ಗಳು ವೈಮಾನಿಕ ಕಾಳಗದಲ್ಲಿ ಒಂದೂ ಬೀಳಲಿಲ್ಲ. ನೆಲದಿಂದ ಬಂದ ಗುಂಡಿಗೆ ಒಂದು ಎಂಜಿನ್ ಹೋದರೂ ಇನ್ನೊಂದರ ಮೇಲೆ ಮನೆಗೆ ಬಂದದ್ದುಂಟು. ತಗ್ಗಿನ ಹಾರಾಟದಲ್ಲಿ ಅದರ ಸ್ಥಿರತೆಯನ್ನು ಪೈಲಟ್‌ಗಳು ಕೊಂಡಾಡಿದರು. ಸದ್ದಿನ ಎರಡರಷ್ಟು ವೇಗಕ್ಕೆಂದು ಕಡೆದ ಮೈ ಸದ್ದಿನ ವೇಗವನ್ನು ಮುಟ್ಟಲೂ ತಿಣುಕುತ್ತಿತ್ತು ಎಂಬುದು ಕಾಗದದ ಮೇಲಿನ ಲೋಪ. ಕೊಟ್ಟ ಕೆಲಸವನ್ನಂತೂ ಮಾಡಿತು. ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ನಿವೃತ್ತಿಯೂ ಆಯಿತು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ಅಂಗಳದಲ್ಲಿ ಮರುತ್ ಒಂದನ್ನು ಹತ್ತಿರದಿಂದ ನೋಡಬಹುದು. ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲೂ ಒಂದಿದೆ. ಸೂಜಿಯಂಥ ಮೂತಿ, ಕಾಕ್‌ಪಿಟ್ಟಿನ ಎರಡು ಪಕ್ಕ ಗಾಳಿ ನುಂಗುವ ಬಾಯಿ, ಒಂದೊಂದು ಬಾಯಲ್ಲೂ ಅರ್ಧ ಶಂಕುವಿನಾಕಾರದ ಉಬ್ಬು. ರೆಕ್ಕೆ ಸೇರುವಲ್ಲಿ ನಡು ಸಣ್ಣಗೆ ಒಳಸರಿದಿದೆ. ಸದ್ದಿನ ವೇಗ ದಾಟುವಾಗ ಎದುರಾಗುವ ಗಾಳಿಯ ತಡೆ ಕಡಿಮೆಯಾಗಲೆಂದು ಟಾಂಕ್ ಕೊಟ್ಟ ಕಟ್ಟು. ಹಿಂದಕ್ಕೆ ಹೋದರೆ ಬಾಲದಲ್ಲಿ ಎರಡು ಹೊಗೆಬಾಯಿಗಳು ಅಕ್ಕಪಕ್ಕ. ಇಡೀ ಮೈ ಒಂದು ವೇಗಕ್ಕೆಂದು ಸಿದ್ಧವಾಗಿದೆ, ಈ ಎರಡು ಬಾಯಿ ಮಾತ್ರ ಇನ್ನೊಂದು ವೇಗದವು. ವಿನ್ಯಾಸಕಾರನ ಆಸೆ ಎಲ್ಲಿಯವರೆಗೆ ಬಂತು, ಎಲ್ಲಿ ಬೇರೆಯವರ ಲೆಕ್ಕಪುಸ್ತಕ ಶುರುವಾಯಿತು ಎಂದು ಕೈ ಇಟ್ಟು ತೋರಿಸಬಹುದಾದ ವಸ್ತುಗಳು ಅಪರೂಪ.

ಅಪೂರ್ಣ ಕೃತಿಯ ವಿಚಾರದಲ್ಲಿ ಕನ್ನಡ ನಾಡಿಗೆ ಹಳೆಯ ಅನುಭವವಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದ 42 ಪರ್ವ ಬರೆದು, 43ನೆಯದನ್ನು ಶುರುಮಾಡಿ ತೀರಿಕೊಂಡರು. ಶಿಷ್ಯ ಗುಣಭದ್ರರು ಅದನ್ನು 47 ಪರ್ವಕ್ಕೆ ಮುಗಿಸಿ, ಉತ್ತರಪುರಾಣವನ್ನೂ ಸೇರಿಸಿದರು. ಗ್ರಂಥಕ್ಕೆ ಪೂಜೆ ನಡೆದದ್ದು ಬಂಕಾಪುರದಲ್ಲಿ. 941ರಲ್ಲಿ ಪಂಪ ತನ್ನ ಆದಿಪುರಾಣಕ್ಕೆ ಅದನ್ನೇ ಆಕರ ಮಾಡಿಕೊಂಡ. ಇನ್ನೊಂದು ಬಗೆ ಹೊಯ್ಸಳರ ಕಾಲದ ನೇಮಿಚಂದ್ರನದು. ಅವನ ನೇಮಿನಾಥ ಪುರಾಣ ಅರ್ಧಕ್ಕೇ ನಿಂತಿತು, ಮುಂದುವರಿಸುವ ಶಿಷ್ಯ ಸಿಗಲಿಲ್ಲ. ಜನ ಅದನ್ನು ‘ಅರ್ಧನೇಮಿ’ ಎಂದು ಕರೆದು ಹಾಗೆಯೇ ಓದಿದರು, ಪ್ರತಿ ಮಾಡಿದರು, ಉಳಿಸಿಕೊಂಡರು. ಒಂದು ಕೃತಿಗೆ ವಾರಸುದಾರ ಸಿಕ್ಕ, ಇನ್ನೊಂದಕ್ಕೆ ಓದುಗರು ಸಿಕ್ಕರು. ಎರಡೂ ಗೌರವದ ದಾರಿಗಳೇ.

ಮರುತ್‌ಗೆ ಸಿಕ್ಕಿದ್ದು ನೇಮಿಚಂದ್ರನ ದಾರಿ. ಅದಕ್ಕೆ ಯಾರ ತಕರಾರೂ ಬೇಕಿಲ್ಲ. ತಕರಾರು ಇರುವುದು ಗುಣಭದ್ರ ಸಿಗದ ವಿಚಾರದಲ್ಲಿ. ಟಾಂಕ್ ಅರವತ್ತರ ದಶಕದ ಕೊನೆಗೆ ಎಚ್‌ಎಎಲ್ ಬಿಟ್ಟರು, 1983ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಭಾರತ ಸ್ವಂತದ ಮುಂದಿನ ಯುದ್ಧವಿಮಾನಕ್ಕೆ ಮಂಜೂರಾತಿ ಕೊಟ್ಟದ್ದೂ ಅದೇ 1983ರಲ್ಲಿ. ಅದು ತೇಜಸ್ ಆಗಿ ಹಾರಿದ್ದು 2001ರ ಜನವರಿ 4ರಂದು. ಒಂದು ಮೊದಲ ಹಾರಾಟದಿಂದ ಇನ್ನೊಂದಕ್ಕೆ ನಲವತ್ತು ವರ್ಷಕ್ಕೆ ಆರು ತಿಂಗಳಷ್ಟೇ ಕಡಿಮೆ. ಈ ನಡುವೆ ನ್ಯಾಟ್ ಅನ್ನು ತಿದ್ದಿ ಅಜಿತ್ ಮಾಡಿದರು, ಮಿಗ್ ಮತ್ತು ಜಾಗ್ವಾರ್‌ಗಳನ್ನು ಪರವಾನಗಿಯ ಮೇಲೆ ಜೋಡಿಸಿದರು. ಹೊಸ ಫೈಟರ್ ಒಂದನ್ನು ಖಾಲಿ ಹಾಳೆಯಿಂದ ಬಿಡಿಸಿ ಆಕಾಶಕ್ಕೆ ಕಳಿಸುವ ಅವಕಾಶ ಮಾತ್ರ ಬರಲಿಲ್ಲ. ಮೂವತ್ತರ ವಯಸ್ಸಿನಲ್ಲಿ ಟಾಂಕ್ ಜೊತೆ ಡ್ರಾಯಿಂಗ್ ಬೋರ್ಡಿಗೆ ಬಾಗಿದ್ದ ಎಂಜಿನಿಯರ್ ತೇಜಸ್ ಹಾರುವ ಹೊತ್ತಿಗೆ ಪಿಂಚಣಿದಾರ. ಅರ್ಧ ವಿಮಾನದ ಜೊತೆ ರಾಜಿಯಾಗಬಹುದು, ಆಗಿದ್ದೂ ಸರಿ. ಆ ವಿಮಾನ ಕಟ್ಟಿದ ಕೈಗಳನ್ನು ಸುಮ್ಮನೆ ಚದುರಲು ಬಿಟ್ಟದ್ದನ್ನು ರಾಜಿ ಅನ್ನಲಾಗದು, ಮರೆವು ಅನ್ನಬೇಕು.

ಇದಕ್ಕೆ ಪೂರ್ತಿ ತಿರುಗುಮುರುಗಾದ ಕತೆಯೂ ಇದೇ ಬೆಂಗಳೂರಿನದು. ಇವತ್ತು ಸುರಂಜನ್ ದಾಸ್ ರಸ್ತೆಯಲ್ಲಿರುವ ಎಡಿಇ ಸಂಸ್ಥೆ 1959ರಲ್ಲಿ ಆರಂಭವಾದಾಗ ಅಲ್ಲಿಗೆ ಬಂದ ಕಿರಿಯ ವಿಜ್ಞಾನಿಗಳಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಒಬ್ಬರು. ಓದು ಮುಗಿಸಿದ ಹೊಸದರಲ್ಲಿ ಎಚ್‌ಎಎಲ್‌ನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವ ತರಬೇತಿ ಪಡೆದಿದ್ದವರು. ಅವರ ಕೈಗೆ ಪುಟ್ಟ ತಂಡವೊಂದನ್ನು ಕೊಟ್ಟು, ಮೂರು ವರ್ಷದಲ್ಲಿ ಸ್ವದೇಶಿ ಹೋವರ್‌ಕ್ರಾಫ್ಟ್ ಮಾಡಿ ಎಂದರು. ಗಾಳಿಯ ಮೆತ್ತೆಯ ಮೇಲೆ ನೆಲದಿಂದ ಒಂದಿಷ್ಟೇ ಎತ್ತರದಲ್ಲಿ ತೇಲುವ ಗಾಡಿ. ಶಿವನ ವಾಹನದ ಹೆಸರೇ ಅದಕ್ಕೂ ಆಯಿತು: ನಂದಿ. ತನ್ನ ತೂಕವೂ ಸೇರಿ 550 ಕಿಲೋ ಹೊತ್ತು 40 ಮಿಲಿಮೀಟರ್ ಗಾಳಿಯ ಪದರದ ಮೇಲೆ ಅದು ತೇಲಿತು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ತಾವೇ ಹತ್ತಿ ಕೂತರು. ಜೊತೆಗಿದ್ದ ವಾಯುಪಡೆಯ ಅಧಿಕಾರಿಗೆ ಅಳುಕು. ಕಲಾಂ ಅವರೇ ನಡೆಸಿದರು. ಇಳಿದ ಮೇಲೆ ಸಚಿವರು ಹೇಳಿದ್ದು, ಇದಕ್ಕೆ ಇನ್ನೂ ಬಲವಾದ ಎಂಜಿನ್ ಹಾಕಿ ಎರಡನೇ ಸವಾರಿಗೆ ತಮ್ಮನ್ನು ಕರೆಯಬೇಕು ಎಂದು. ಇಲ್ಲಿಯೂ ಎಂಜಿನ್ನೇ!

ಎರಡನೇ ಸವಾರಿ ನಡೆಯಲಿಲ್ಲ. 1962ರ ಚೀನಾ ಯುದ್ಧದ ನಡುವೆಯೇ ಮೆನನ್ ರಾಜೀನಾಮೆ ಕೊಟ್ಟರು, ನಂದಿಯ ಮೇಲೆ ಆಸೆ ಇಟ್ಟವರು ದೆಹಲಿಯಲ್ಲಿ ಉಳಿಯಲಿಲ್ಲ, ಯೋಜನೆ ಮೂಲೆಗೆ ಸೇರಿತು. ಆಮೇಲಿನ ತಮ್ಮ ಬೇಸರವನ್ನು ಕಲಾಂ ಆತ್ಮಕತೆಯಲ್ಲಿ ಮುಚ್ಚಿಟ್ಟಿಲ್ಲ. ಆದರೆ ನಂದಿಯನ್ನು ನೋಡಲು ಬಂದವರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್ ಇದ್ದರು. ಯಂತ್ರದ ಜೊತೆಗೆ ಅದನ್ನು ಮಾಡಿದವನನ್ನೂ ಅವರು ಗಮನಿಸಿದರು. ಮುಂಬಯಿಯಲ್ಲಿ ವಿಕ್ರಂ ಸಾರಾಭಾಯಿ ಅವರೆದುರು ಸಂದರ್ಶನ, ರಾಕೆಟ್ ಎಂಜಿನಿಯರ್ ಹುದ್ದೆ, ಮುಂದೆ 1980ರ ಜುಲೈನಲ್ಲಿ ಎಸ್‌ಎಲ್‌ವಿ-3 ರಾಕೆಟ್ಟಿನ ಉಡಾವಣೆ. ಬೆಂಗಳೂರಿನಲ್ಲಿ ತೇಲಿದ ಗಾಡಿ ಎಲ್ಲಿಗೂ ಹೋಗಲಿಲ್ಲ, ಅದನ್ನು ನಡೆಸಿದವರು ಹೋದರು. ಮರುತ್ ತಂಡಕ್ಕೆ ಇಲ್ಲದೆ ಹೋದದ್ದು ಈ ಭಾಗ್ಯ. ಹಾಗೆಂದು ಎಡಿಇ ಕೆಲಸ ಬರೀ ಅಪೂರ್ಣವೆನ್ನುವುದು ಅನ್ಯಾಯ. ಗುರಿ ಅಭ್ಯಾಸಕ್ಕೆ ಬಳಸುವ ಪೈಲಟ್‌ರಹಿತ ‘ಲಕ್ಷ್ಯ’ ಇಲ್ಲಿಂದಲೇ ಮೂರೂ ಸೇನೆಗಳಿಗೆ ಹೋಯಿತು.

ಮಹಾರಾಜರ ಜಯಮಹಲ್ ಬಂಗಲೆಯ ಕುದುರೆ ಲಾಯದಲ್ಲಿ ಬೆಂಗಳೂರಿನ ಬಾಳು ಶುರುಮಾಡಿದ ಎನ್‌ಎಎಲ್ ಕತೆ ಇನ್ನೂ ನೋವಿನದು. ಅದರ ‘ಸರಸ್’ 14 ಸೀಟಿನ ನಾಗರಿಕ ವಿಮಾನ, ಪ್ರೊಪೆಲ್ಲರುಗಳು ಹಿಂಬದಿಗೆ ಇರುವ ವಿಶಿಷ್ಟ ಕಟ್ಟು. ಮೊದಲ ಹಾರಾಟ 2004ರ ಮೇ 29. ಎರಡನೇ ಮಾದರಿ 2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಮುಂದಿನ ವರ್ಷಗಳಲ್ಲಿ ಹಣ ನಿಂತಿತು, ವಿಮಾನ ಹ್ಯಾಂಗರಿನಲ್ಲಿ ನಿಂತಿತು. ಆಮೇಲೆ ಯೋಜನೆಯನ್ನು ಮತ್ತೆ ಎಬ್ಬಿಸಿ, ಮೊದಲ ಮಾದರಿಯನ್ನೇ ತಿದ್ದಿ 2018ರ ಜನವರಿ 24ರಂದು ಹಾರಿಸಿದರು. ಈಗಿನ ಗುರಿ 19 ಸೀಟಿನ ಸರಸ್ ಮಾರ್ಕ್ 2. ಇದನ್ನು ಹಟ ಎನ್ನುವವರೂ ಇದ್ದಾರೆ. ಪ್ರಾಣ ತೆತ್ತ ಕೆಲಸವನ್ನು ಮುಂದುವರಿಸಬೇಕೇ, ಕೈಬಿಡಬೇಕೇ ಎಂಬುದಕ್ಕೆ ಹೊರಗಿನವರು ಉತ್ತರ ಹೇಳುವುದು ಸುಲಭವಲ್ಲ. ಆದರೆ ಮರುತ್ ಬಳಿಕದ ನಿಶ್ಶಬ್ದಕ್ಕಿಂತ ಈ ಹಟ ಮೇಲು.

ರಕ್ಷಣಾ ಸಂಶೋಧನೆಯ ಕಚೇರಿಗಳಲ್ಲಿ ಒಂದೊಂದು ಯೋಜನೆಗೂ ಒಂದು ಪಿಡಿಸಿ ಇರುತ್ತದೆ, ಅಂದರೆ ಮುಗಿಯಬಹುದಾದ ತಾರೀಖು. ಅದನ್ನು ಮುಂದೂಡುತ್ತಾ ಹೋಗಿ, ಇನ್ನು ಸಾಧ್ಯವಿಲ್ಲ ಎನಿಸಿದಾಗ ‘ಶಾರ್ಟ್ ಕ್ಲೋಷರ್’ ಎಂಬ ಷರಾ ಬೀಳುತ್ತದೆ. ಅಷ್ಟು ಹೊತ್ತಿಗೆ ಆದ ಪರೀಕ್ಷೆ, ಕಲಿತ ಪಾಠ, ಉಳಿದ ಬಿಡಿಭಾಗ ಎಲ್ಲದರ ಪಟ್ಟಿ ಫೈಲಿಗೆ ಸೇರುತ್ತದೆ. ಅಂಥ ಫೈಲು ಮುಚ್ಚಿದ ಮೇಲೂ ಸಾಯಲು ಒಪ್ಪದೆ ಕೂತಿರುವುದು ಜಿಟಿಆರ್‌ಇಯ ಕಾವೇರಿ ಎಂಜಿನ್. ಮರುತ್‌ಗೆ ಆದ ಗತಿ ತೇಜಸ್‌ಗೆ ಆಗದಿರಲಿ ಎಂದು 1989ರಲ್ಲಿ 382.81 ಕೋಟಿ ರೂಪಾಯಿಗೆ ಮಂಜೂರಾದ ಯೋಜನೆ. ಖರ್ಚು 2,000 ಕೋಟಿ ದಾಟಿತು. ಒಂಬತ್ತು ಎಂಜಿನ್ ಮಾದರಿಗಳು, ‘ಕಬಿನಿ’ ಎಂಬ ಹೆಸರಿನ ನಾಲ್ಕು ಒಳತಿರುಳುಗಳು, 3,000 ಗಂಟೆ ಮೀರಿದ ಪರೀಕ್ಷೆ. 2010ರಲ್ಲಿ ರಷ್ಯದಲ್ಲಿ ದೊಡ್ಡ ಇಲ್ಯುಶಿನ್ ವಿಮಾನದ ರೆಕ್ಕೆಗೆ ಕಟ್ಟಿ ಹಾರಿಸಿಯೂ ನೋಡಿದರು. ತೂಕ ಹೆಚ್ಚು, ತಳ್ಳುಬಲ ಕಡಿಮೆ. ಅಷ್ಟರೊಳಗೆ, 2008ರಲ್ಲೇ, ತೇಜಸ್‌ನಿಂದ ಅದನ್ನು ಬೇರ್ಪಡಿಸಿ ಆಗಿತ್ತು. ತೇಜಸ್ ಅಮೆರಿಕದ ಎಂಜಿನ್ನಿನ ಮೇಲೆ ವಾಯುಪಡೆ ಸೇರಿತು.

ಈ ಸಲ ಒಂದು ವ್ಯತ್ಯಾಸವಿದೆ. ತಂಡ ಚದುರಲಿಲ್ಲ. ಕಾವೇರಿಯಿಂದಲೇ ಹಡಗಿಗೆ ತಕ್ಕ ಮಾದರಿಯೊಂದನ್ನು ಮಾಡಿ ನೌಕಾಪಡೆಯ ನೆರವಿನಲ್ಲಿ ವಿಶಾಖಪಟ್ಟಣದಲ್ಲಿ ಪರೀಕ್ಷಿಸಿದರು. ಮುಂದೆ ಆಫ್ಟರ್‌ಬರ್ನರನ್ನೇ ಬಿಟ್ಟ ‘ಡ್ರೈ’ ಕಾವೇರಿಯನ್ನು ರೂಪಿಸಿ ಮತ್ತೆ ರಷ್ಯಕ್ಕೆ ಪರೀಕ್ಷೆಗೆ ಕಳಿಸಿದರು. ಅದು ಮಾನವರಹಿತ ಯುದ್ಧವಿಮಾನಕ್ಕೆ ಉದ್ದೇಶಿಸಿದ ಎಂಜಿನ್. ಅಂಥ ವಿಮಾನಕ್ಕೆ ಸದ್ದಿನ ವೇಗ ದಾಟುವ ದರ್ದಿಲ್ಲ, ಪೈಲಟ್ಟೂ ಬೇಕಿಲ್ಲ.